ಬೆರಕೆ ಮಾದರಿ

ಯಂತ್ರ ಬನಶಂಕರಿಯನ್ನು ಮೂರನೆಯ ಸಲವೂ ಕಸದ ಬುಟ್ಟಿಗೆ ಹಾಕಿತು.

ಹಾಕಿದ್ದು ಅವಳನ್ನಲ್ಲ, ಅವಳ ರಕ್ತದ ಹನಿಯನ್ನು. ಆದರೂ ಅವಳಿಗೆ ಅನ್ನಿಸಿದ್ದು ಹಾಗೆಯೇ. ಧಾರವಾಡದ ಹೊರಗಿನ ಆ ಸಂಶೋಧನಾ ಸಂಸ್ಥೆಯಲ್ಲಿ ಒಂದು ರೂಢಿಯಿತ್ತು. ಪಿಎಚ್.ಡಿ.ಗೆ ಹೊಸದಾಗಿ ಸೇರಿದವರು ಮೊದಲ ದಿನ ತಮ್ಮದೇ ಬೆರಳು ಚುಚ್ಚಿ ಸ್ಮೃತಿಮಾಪಕವೆಂಬ ಆ ಯಂತ್ರಕ್ಕೆ ಒಂದು ಹನಿ ನೈವೇದ್ಯ ಕೊಡಬೇಕು, ಪರದೆಯ ಮೇಲೆ ಅವರ ಅಚ್ಚು ಮೂಡಬೇಕು, ಎಲ್ಲರೂ ಚಪ್ಪಾಳೆ ತಟ್ಟಿ ಚಹಾ ಕುಡಿಯಬೇಕು. ಬನಶಂಕರಿಯ ಸರದಿಯಲ್ಲಿ ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಪರದೆಯ ಮೇಲಿದ್ದುದು ಇಷ್ಟೇ: ‘ಬೆರಕೆ ಮಾದರಿ. ತಿರಸ್ಕರಿಸಲಾಗಿದೆ.’

“ಕೈ ಛಲೋ ತೊಳಕೊಂಡಿಲ್ಲ ನೀನು,” ಎಂದರು ಡಾ. ಮಾಲತಿ ಗಲಗಲಿ. ಅವರು ಅವಳ ಮಾರ್ಗದರ್ಶಕಿ. ರೋಗನಿರೋಧ ವಿಜ್ಞಾನದಲ್ಲಿ ದೊಡ್ಡ ಹೆಸರು. ಬನಶಂಕರಿ ಮತ್ತೆ ತೊಳೆದಳು, ಮತ್ತೆ ಚುಚ್ಚಿಕೊಂಡಳು. ಮತ್ತೆ ಬೆರಕೆ, ಮೂರನೆಯ ಸಲವೂ ಬೆರಕೆ. ಕೊನೆಗೆ ಚಹಾ ಮಾತ್ರ ಕುಡಿದು ಎಲ್ಲರೂ ಎದ್ದುಹೋದರು.

ಈ ಅಚ್ಚಿನ ಕಥೆಯನ್ನು ತುಸು ಹೇಳಲೇಬೇಕು. ಸುಳಿಜ್ವರವೆಂಬ ಮಾರಿ ಬಂದು ಆಗಲೇ ಒಂದು ತಲೆಮಾರು ಕಳೆದಿತ್ತು. ಪ್ರತಿ ಚಳಿಗಾಲವೂ ವೇಷ ಬದಲಿಸಿಕೊಂಡು ಬರುತ್ತಿದ್ದ ಅದರೆದುರು ಎಲ್ಲರಿಗೂ ಒಂದೇ ಲಸಿಕೆ ಎಂಬ ಹಳೆಯ ಆಟ ನಡೆಯಲಿಲ್ಲ. ಹುಡುಕುತ್ತ ಹೋದವರಿಗೆ ಗೊತ್ತಾದ ಸಂಗತಿಯೆಂದರೆ, ಕೂಸಿನ ರೋಗನಿರೋಧಕ ಶಕ್ತಿಗೆ ಮೊದಲ ಅಕ್ಷರಾಭ್ಯಾಸ ಮಾಡಿಸುವುದು ಎದೆಹಾಲು. ಹಾಲು ಕೊಟ್ಟವಳು ಜೀವಮಾನದಲ್ಲಿ ಯಾವ ಯಾವ ರೋಗದ ಜೊತೆ ಗುದ್ದಾಡಿದ್ದಳೋ ಅದರ ಗುರುತು ಕೂಸಿನ ನೆನಪಿನ ಜೀವಕೋಶಗಳಲ್ಲಿ ಅಚ್ಚಾಗಿ ಉಳಿಯುತ್ತದೆ. ಆ ಅಚ್ಚನ್ನು ಓದಿ ಅದಕ್ಕೆ ಹೊಂದುವ ಲಸಿಕೆ ಹಾಕಿದರೆ ಸುಳಿಜ್ವರ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ‘ಮನೆಲಸಿಕೆ’ ಎಂಬ ಹೆಸರಾಯಿತು. ಬಾಟಲಿ ಹಾಲಿನವರಿಗೆ ಬೇರೆ ಲೆಕ್ಕವಿತ್ತು, ಅದು ಈ ಕಥೆಗೆ ಬೇಡ.

ವಿಜ್ಞಾನ ಇಷ್ಟು ಹೇಳಿ ಸುಮ್ಮನಾಯಿತು. ನಮ್ಮ ಜನ ಸುಮ್ಮನಿರಬೇಕಲ್ಲ. ಅಚ್ಚು ತಾಯಿಯಿಂದ ಬರುತ್ತದೆ ಅಂದಮೇಲೆ ಅಚ್ಚೂ ಮನೆತನದ ಆಸ್ತಿಯಾಯಿತು. ವಧೂವರರ ಜಾಹೀರಾತಿನಲ್ಲಿ ‘ಶುದ್ಧ ಅಚ್ಚಿನ ಸುಸಂಸ್ಕೃತ ಕುಟುಂಬ’ ಎಂಬ ಸಾಲು ಸೇರಿತು. ಸಮಾಜದ ಸಂಘಗಳು ಕ್ಯಾಲೆಂಡರುಗಳಲ್ಲಿ ತಮ್ಮ ಅಚ್ಚಿನ ಚಿತ್ರ ಹಾಕಿಸಿದವು. ಹಳೆಯ ಹೆಂಡಕ್ಕೆ ಹೊಸ ಬಾಟಲಿ ಸಿಕ್ಕರೆ ಕುಡಿಯುವವರಿಗೇನು ಬರವೇ?

ಯಂತ್ರದೊಳಗೆ ಒಂದು ಜರಡಿಯಿತ್ತು. ಅದನ್ನು ಕಟ್ಟಿದವರು ಗಲಗಲಿ ಮೇಡಂ. ಒಂದಕ್ಕಿಂತ ಹೆಚ್ಚು ಅಚ್ಚು ಕಂಡ ಹನಿಯನ್ನು ಅದು ಕೊಳೆ ಸೇರಿದ ಮಾದರಿ ಎಂದು ಎತ್ತಿ ಎಸೆಯುತ್ತಿತ್ತು. ಮೇಡಂ ಅದನ್ನು ಸೊಕ್ಕಿನಿಂದ ಕಟ್ಟಿರಲಿಲ್ಲ. ಮೊದಲ ಪ್ರಯೋಗಗಳ ಕಾಲದಲ್ಲಿ ಒಂದು ಕೂಸಿಗೆ ಹೊಂದದ ಲಸಿಕೆ ಹೋಗಿ ಕೂಸು ಉಳಿಯಲಿಲ್ಲ. ಅದರ ತಾಯಿಯ ಮುಂದೆ ನಿಂತು ಉತ್ತರ ಹೇಳಬೇಕಾಗಿ ಬಂದದ್ದು ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಮಾಲತಿಗೆ. ಅನುಮಾನವಿದ್ದರೆ ಕೊಡಲೇಬಾರದು ಎಂದು ಅಂದೇ ಅವರು ನಿಶ್ಚಯಿಸಿದ್ದರು. ಆ ಜರಡಿಯೇ ಅವರ ಡಾಕ್ಟರೇಟ್, ಅದೇ ಅವರ ಕೀರ್ತಿ.

ಬನಶಂಕರಿಯ ಡಾಕ್ಟರೇಟ್ ಮಾತ್ರ ಅತ್ತ ದರಿ ಇತ್ತ ಪುಲಿ. ಅದು ಅಂತರಶಿಸ್ತೀಯ ಅಧ್ಯಯನ. ಒಂದು ಕಾಲು ರೋಗನಿರೋಧ ವಿಜ್ಞಾನದಲ್ಲಿ, ಇನ್ನೊಂದು ಸಮಾಜಶಾಸ್ತ್ರದಲ್ಲಿ. ಮಾರ್ಗದರ್ಶಕರೂ ಇಬ್ಬರು. ಎರಡನೆಯವರು ಪ್ರೊ. ಚನ್ನಮಲ್ಲಪ್ಪ ಹುಲ್ಲೂರ. ಊರೂರು ಅಲೆದು ಜನರ ನಡವಳಿ ಬಲ್ಲವರು, ಆದರೆ ರಕ್ತ ಕಂಡರೆ ಕುರ್ಚಿ ಹುಡುಕುವವರು. ಪ್ರಯೋಗಾಲಯದವರು ಅವಳನ್ನು ‘ಕತಿ ಹೇಳೋ ಹುಡುಗಿ’ ಎನ್ನುತ್ತಿದ್ದರು, ಸಮಾಜಶಾಸ್ತ್ರದವರು ‘ಸೂಜಿ ಬಾಯಿ’ ಎನ್ನುತ್ತಿದ್ದರು. ಇಬ್ಬರು ಗುರುಗಳ ಸಹಿಯೂ ಬೀಳದೆ ಪ್ರಬಂಧ ಮುಂದೆ ಹೋಗುವಂತಿರಲಿಲ್ಲ.

ತನ್ನ ಹನಿ ತಿರಸ್ಕಾರವಾದ ವಾರ ಅವಳು ಗುಳೇದಗುಡ್ಡಕ್ಕೆ ಹೋದಳು. ಖಣ ನೇಯುವವರ ಓಣಿಯಲ್ಲಿ ಅವಳ ಮನೆ. ಅವಳು ಹೋದದ್ದು ಗಂಜಿಯ ದಿನ. ಓಣಿಯ ಉದ್ದಕ್ಕೂ ಮಗ್ಗಕ್ಕೇರಿಸುವ ನೂಲಿನ ಹಾಸು ಎಳೆದು ಕಟ್ಟಿ, ಹೆಂಗಸರು ಗಂಡಸರು ಎರಡೂ ಬದಿ ನಿಂತು ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಹಾಸು ಒಣಗುವ ತನಕ ಕುಂಚ ಆಡುತ್ತಲೇ ಇರಬೇಕು. ಕೈ ನಿಂತರೆ ಎಳೆಗೆ ಎಳೆ ಅಂಟಿ ದುಡಿಮೆಯೆಲ್ಲ ಮಣ್ಣುಪಾಲು. ಹಾಗಾಗಿ ಆ ಹೊತ್ತಿನಲ್ಲಿ ಯಾವ ತಾಯಿಯೂ ಕೂಸು ಅತ್ತಿತೆಂದು ಓಡುವಂತಿಲ್ಲ. ಓಣಿಯ ಕೂಸುಗಳೆಲ್ಲ ಗಂಜಿ ಕುದಿಸುವ ಮನೆಯಲ್ಲಿ, ಅಲ್ಲಿ ಕೂತ ಬಾಣಂತಿಯ ಮಡಿಲಲ್ಲಿ. ಯಾವ ಕೂಸು ಅತ್ತರೂ ಅವಳೇ ಎದೆಗೆ ಹಚ್ಚಿಕೊಳ್ಳಬೇಕು. ಗಂಜಿ ದಿನ ಅಳುವ ಕೂಸು ಎಲ್ಲರ ಕೂಸು. ಜಾತಿಯನ್ನಾಗಲಿ ದೇವರನ್ನಾಗಲಿ ಆ ಮನೆಯ ಹೊಸ್ತಿಲ ಮೇಲೆ ಯಾರೂ ಕೇಳುತ್ತಿರಲಿಲ್ಲ. ಆ ಓಣಿಯಲ್ಲಿ ಇದು ಎಷ್ಟು ಸಹಜವೆಂದರೆ ಅದನ್ನೊಂದು ಪದ್ಧತಿ ಎಂದು ಕೂಡ ಯಾರೂ ಕರೆದಿರಲಿಲ್ಲ.

ಒಳಗೆ ಬಚ್ಚಲಲ್ಲಿ ಅವಳ ಅತ್ತಿಗೆ ತನ್ನ ಮಗಳು ಚಂಪಾಳ ಬೆರಳನ್ನು ಕಲ್ಲಿಗೆ ಹಚ್ಚಿ ತಿಕ್ಕುತ್ತಿದ್ದಳು. ಮಗು ಚೀರುತ್ತಿತ್ತು. ಬೆರಳ ತುದಿ ಕೆಂಪೇರಿತ್ತು. ಮರುದಿನ ಆರೋಗ್ಯ ಕೇಂದ್ರಕ್ಕೆ ಹನಿ ಕೊಡಲು ಹೋಗಬೇಕಿತ್ತಂತೆ, ಹಿಂದೆ ಕೊಟ್ಟದ್ದೆಲ್ಲ ತಿರಸ್ಕಾರವಾಗಿತ್ತಂತೆ. ಗಂಜಿ ಮೆತ್ತಿದ ಕೈಯಿಂದಲೇ ಮಾದರಿ ಕೆಡುತ್ತದೆ, ತೊಳೆದುಕೊಂಡು ಬರ್ರಿ ಎಂದು ಅಲ್ಲಿಯವರು ಹೇಳಿದ್ದರಂತೆ. ಓಣಿಯ ಎಲ್ಲ ಮಕ್ಕಳ ಬೆರಳೂ ಹಾಗೆಯೇ ತಿಕ್ಕಿಸಿಕೊಂಡು ಸಿಪ್ಪೆ ಎದ್ದಿದ್ದವು. ಒಬ್ಬರಿಗೂ ಮನೆಲಸಿಕೆ ಸಿಕ್ಕಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದರೆ ಇದೇ.

ತೊಳೆದ ಕೈಯಿಂದ ಕೊಟ್ಟ ತನ್ನ ಹನಿಗೂ ಇದೇ ಗತಿಯಾದದ್ದು ಬನಶಂಕರಿಗೆ ನೆನಪಾಯಿತು. ಹೊರಗೆ ಕುಂಚ ಆಡಿಸುತ್ತಿದ್ದ ತಾಯಿ ಗೌರವ್ವನ ಬಳಿ ಹೋಗಿ, ತನಗೆ ಹಾಲು ಕೊಟ್ಟವರು ಯಾರು ಎಂದು ಕೇಳಿದಳು.

ಗೌರವ್ವ ಕುಂಚ ನಿಲ್ಲಿಸದೆ ನಕ್ಕಳು. “ಯಾರಂತ ಹೇಳ್ಲೆವ್ವಾ? ಕುಡದದ್ದು ನಂದ ಹೌದು. ಆದ್ರ ಹೊಟ್ಟಿ ತುಂಬ ಕುಡದದ್ದು ಖಾಸಿಂಬಿದು. ಆಕಿ ಎದಿ ಬಿಡಿಸ್ಬೇಕಂದ್ರ ಓಣಿ ಕೂಡೂವಂಗ ಅಳತಿದ್ದಿ.”

ಹಾಸಿನ ಆಚೆ ಬದಿಯಲ್ಲಿದ್ದ ಮೋಮಿನರ ಖಾಸಿಂಬಿ ಮಾತ್ರ ನಗಲಿಲ್ಲ. ಹೋದ ಚಳಿಗಾಲ ಸುಳಿಜ್ವರಕ್ಕೆ ಅವಳ ಮೊಮ್ಮಗ ರಫೀಕ್ ಹೋಗಿದ್ದ. ಅವನ ಹನಿಯೂ ತಿರಸ್ಕಾರವಾಗಿತ್ತು. “ಕೇಂದ್ರಕ್ಕ ಎತಗೊಂಡು ಹೋದಾಕಿ ನಾನ ಅಲ್ಲೇನು,” ಎಂದಳು ಅವಳು. “ನನ್ನ ಕೈಯಾಗಿನ ಗಂಜಿನ ಹುಡುಗನ್ನ ತಿಂತು.”

ಆ ಮಾತು ಬನಶಂಕರಿಯ ಎದೆಗೆ ನಾಟಿತು. ಮೊಮ್ಮಗನನ್ನು ಕಳೆದುಕೊಂಡದ್ದು ಸಾಲದೆಂಬಂತೆ ಈ ಹೆಂಗಸು ವರ್ಷದಿಂದ ತನ್ನ ಕೈಯನ್ನೇ ಶಪಿಸುತ್ತ ಕೂತಿದ್ದಾಳೆ. ಕೊಲ್ಲುತ್ತಿದ್ದುದು ಗಂಜಿಯಲ್ಲ, ಕೈಯಲ್ಲ, ಜರಡಿ. ಅದನ್ನು ಸಾಬೀತು ಮಾಡದೆ ಡಿಗ್ರಿ ತಗೊಂಡರೆ ಅದಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು. ಬಾಯಿ ಬಿಟ್ಟೂ ಹೇಳಿದಳು. ಓಣಿಗೆ ಅರ್ಥವಾಗದಿದ್ದರೂ ಗೌರವ್ವನಿಗೆ ಮಗಳ ಮುಖ ನೋಡಿ ಭಯವಾಯಿತು.

ಅಲ್ಲಿಂದ ಮುಂದೆ ಕೆಲಸ ಎರಡೂ ಕಾಲಿನ ಮೇಲೆ ವರ್ಷಗಟ್ಟಲೆ ನಡೆಯಿತು. ಓಣಿಯವರು ಒಪ್ಪಿ ಕೊಟ್ಟ ಹನಿಗಳಿಗೆ ಹೆಸರಿನ ಬದಲು ಸಂಖ್ಯೆ ಬರೆದು, ಸಂಶೋಧನೆಗೆಂದು ಇದ್ದ ಅನುಮತಿಯಲ್ಲಿ ಜರಡಿ ಮುಚ್ಚಿ ಯಂತ್ರದಲ್ಲಿ ಓದಿಸಿದಳು. ಹಾಗೆ ಓದಿಸಿದಾಗ ಪರದೆ ಕಲಸುಮೇಲೋಗರವಾಗಲಿಲ್ಲ. ಒಂದರ ಮೇಲೊಂದು ಇಟ್ಟ ಖಣದ ಹಾಗೆ ಎರಡು, ಮೂರು, ನಾಲ್ಕು ಅಚ್ಚುಗಳು ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಂಡವು. ಅತ್ತ ಹುಲ್ಲೂರ ಸರ್, ಈ ಸಂಖ್ಯೆಗಳ ಸುಳಿವೇ ಇಲ್ಲದ ತಮ್ಮ ವಿದ್ಯಾರ್ಥಿಗಳನ್ನು ಓಣಿಗೆ ಕಳಿಸಿ, ಯಾರು ಯಾರಿಗೆ ಹಾಲು ಕೊಟ್ಟರು ಎಂದು ಕೇಳಿಸಿದರು. ಮರೆತುಹೋಗಿರಬಹುದು ಎಂದು ಅವರಿಗೆ ಅಂಜಿಕೆಯಿತ್ತು. ಮೋಮಿನರ ಮನೆಗಳಲ್ಲಿ ಅದು ಮರೆಯುವ ಮಾತೇ ಅಲ್ಲ. ಒಂದೇ ಎದೆ ಕುಡಿದವರು ಅಣ್ಣ ತಂಗಿ, ಅವರ ನಡುವೆ ನಿಕಾಹ್ ಆಗುವಂತಿಲ್ಲ. ಆದ್ದರಿಂದ ಅಲ್ಲಿ ಹಾಲಿನ ನೆಂಟಸ್ತನ ಬಾಯಿಂದ ಬಾಯಿಗೆ ಇಳಿದುಬಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಯಂತ್ರ ಹೇಳಿದ್ದೂ ಓಣಿ ಹೇಳಿದ್ದೂ ತಾಳೆಯಾದವು. ಇದು ಪ್ರಬಂಧದ ನಾಲ್ಕನೆಯ ಅಧ್ಯಾಯವಾಯಿತು.

ಅದನ್ನು ಓದಿದ ದಿನ ಗಲಗಲಿ ಮೇಡಂ ಅವಳನ್ನು ಕೋಣೆಗೆ ಕರೆದರು. ವಿಜ್ಞಾನ ಸರಿಯಿದೆ ಎಂದು ಅವರು ಒಪ್ಪಿದರು. ಆದರೆ ನಾಲ್ಕನೆಯ ಅಧ್ಯಾಯ ಬೇಡ, ಉಳಿದದ್ದು ಡಿಗ್ರಿಗೆ ಧಾರಾಳ ಸಾಕು ಎಂದರು. ಪರೀಕ್ಷಾ ಮಂಡಳಿಯ ಅಧ್ಯಕ್ಷರು ಪ್ರೊ. ಹಂಪಿಹೊಳಿ, ಮನೆಲಸಿಕೆ ಯೋಜನೆಗೂ ಅವರೇ ಮುಖ್ಯಸ್ಥರು. ಇಷ್ಟು ವರ್ಷ ಎಸೆದ ಹನಿಗಳೆಲ್ಲ ಒಳ್ಳೆಯ ಹನಿಗಳಾಗಿದ್ದವು ಎಂದು ಅವರ ಬಾಯಿಂದ ಹೇಳಿಸುವುದೆಂದರೆ ಹುಲಿಯ ಬಾಯಿಂದ ಮಾಂಸ ಬಿಡಿಸಿದಂತೆ.

“ಅವರ ಮಾತು ಬಿಡ್ರಿ. ನಿಮಗೇನು ಅಡ್ಡಿ, ಮೇಡಂ?” ಎಂದಳು ಬನಶಂಕರಿ.

ಗಲಗಲಿ ಪ್ರಬಂಧದ ಹಾಳೆಗಳನ್ನು ಮುಚ್ಚಿಟ್ಟರು. “ಜರಡಿ ತೆಗದ್ರ ಎಲ್ಲೋ ಒಂದ ಕೂಸು ಸಾಯಬಹುದು. ನಾ ನೋಡೀನಿ ಅದನ್ನ.”

“ಜರಡಿ ಇದ್ದದ್ದಕ್ಕ ಸತ್ತದ್ದನ್ನ ನಾ ನೋಡೀನಿ. ನಿಮಗ ಕಂಡದ್ದು ಒಂದ ಕೂಸು, ಮೇಡಂ. ಎಸದ ಹನಿ ಹಿಂದಿನ ಕೂಸುಗೋಳು ನಿಮ್ಮ ಕಣ್ಣಿಗೆ ಬೀಳಂಗಿಲ್ಲ, ಅಷ್ಟ ಫರಕು.”

ಅಷ್ಟು ಕಟುವಾಗಿ ಗುರುವಿನೆದುರು ಅವಳೆಂದೂ ಮಾತಾಡಿರಲಿಲ್ಲ. ಗಲಗಲಿ ಸಹಿಯೇನೋ ಹಾಕಿದರು, ಆದರೆ ನಾಲ್ಕನೆಯ ಅಧ್ಯಾಯದ ಬಗ್ಗೆ ಮಂಡಳಿಯೇ ತೀರ್ಮಾನಿಸಲಿ ಎಂದು ಕೆಳಗೆ ಒಂದು ಸಾಲು ಸೇರಿಸಿದರು. ಹುಲ್ಲೂರ ಸರ್ ಕೂಡ ಈಗ ಡಿಗ್ರಿ ತಗೋ, ಜಗಳ ಆಮೇಲೆ ಆಡು ಎಂದರು. ಆಮೇಲೆ ಅನ್ನುವಷ್ಟರಲ್ಲಿ ಮತ್ತೊಂದು ಚಳಿಗಾಲ ಬಂದುಬಿಡುತ್ತದೆ, ಚಂಪಾಳಿಗೆ ಆಮೇಲೆ ಅನ್ನುವುದು ಇರದೆ ಹೋದೀತು ಎಂದು ಅವಳು ಉತ್ತರ ಕೊಟ್ಟಳು.

ಪಿಎಚ್.ಡಿ. ಮೌಖಿಕ ಪರೀಕ್ಷೆ ಸಾರ್ವಜನಿಕರಿಗೆ ಮುಕ್ತ ಎಂದು ಸೂಚನಾ ಫಲಕದಲ್ಲಿ ಯಾವಾಗಲೂ ಬರೆದಿರುತ್ತದೆ. ಸಾರ್ವಜನಿಕರು ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದ ಮಾತು ಅದು. ಆ ದಿನ ಮಾತ್ರ ಒಂದು ಟೆಂಪೊ ಬಂದು ನಿಂತಿತು. ಗುಳೇದಗುಡ್ಡದ ಓಣಿಯ ಹೆಂಗಸರು ಕೂಸುಗಳ ಸಮೇತ, ರೊಟ್ಟಿಯ ಗಂಟುಗಳ ಸಮೇತ ಇಳಿದರು. ಪಾಸಾದವರು ಬಂದವರಿಗೆಲ್ಲ ಊಟ ಹಾಕುವ ರೂಢಿ ಇದೆಯಂತಲ್ಲ, ಹುಡುಗಿಗೆ ಕೈ ಸಾಲದೆ ಹೋದರೆ ಎಂದು ಗೌರವ್ವ ಎಣ್ಣಿಗಾಯಿ, ಮಾದ್ಲಿ, ಕೆನೆಮೊಸರು ಎಲ್ಲ ಕಟ್ಟಿಸಿಕೊಂಡು ಬಂದಿದ್ದಳು. ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು, ಹಿಂದಿನ ಸಾಲುಗಳ ತುಂಬ ಖಣದ ಕುಪ್ಪಸಗಳು.

ಬನಶಂಕರಿ ಒಂದು ತಾಸು ಮಾತಾಡಿದಳು. ಹಂಪಿಹೊಳಿ ಪೆನ್ನಿನ ಟೊಪ್ಪಿಗೆ ಮುಚ್ಚಿ ಮೇಜಿನ ಮೇಲಿಟ್ಟರು. ನಾಲ್ಕನೆಯ ಅಧ್ಯಾಯ ಬಿಟ್ಟರೆ ಉತ್ತಮ ಪ್ರಬಂಧವೆಂದರು. “ನಿಮ್ಮ ಮಾದರಿಗಳು ಬಂದದ್ದು ಎಂಥ ಕೈಗಳಿಂದ ಎಂದು ನಾವು ನೋಡಬೇಕು. ಗಂಜಿಯ ಕೈ, ಎಣ್ಣೆಯ ಕೈ. ನೀವು ಓದಿದ್ದು ನೆನಪನ್ನಲ್ಲ, ಕೊಳೆಯನ್ನು.”

ಹಿಂದಿನ ಸಾಲಿನಲ್ಲಿ ಖಾಸಿಂಬಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡದ್ದು ಬನಶಂಕರಿಗೆ ಕಂಡಿತು. ಆ ಒಂದು ಚಲನೆ ಅವಳ ಅಳುಕನ್ನೆಲ್ಲ ಸುಟ್ಟುಹಾಕಿತು.

“ಹಂಗಾದ್ರ ಸ್ವಚ್ಛ ಕೈ ಒಂದು ಕೊಡ್ರಿ, ಸರ್,” ಎಂದಳು. ತೋರಿಸಲೆಂದು ತಂದು ಪಕ್ಕದ ಮೇಜಿನ ಮೇಲಿಟ್ಟಿದ್ದ ಯಂತ್ರದ ಮುಚ್ಚಳ ತೆಗೆದಳು. “ಮುಂದಿನ ಸಾಲಿನವರು ಯಾರಾದರೂ ನಡದೀತು. ಜರಡಿ ಮುಚ್ಚಿ ಓದಿಸ್ತೀನಿ. ಕೊಳಿ ಇರದ ಕೈಯಾಗ ಏನ ಬರತದ ನೋಡೂಣು.”

ಕ್ಷಣದ ಹಿಂದೆ ಮೇಜಿನ ಮೇಲೆ ಗಾಂಭೀರ್ಯದಿಂದ ಕೂತಿದ್ದ ಕೈಗಳು ಮಾಯವಾದವು. ಒಂದು ಜೇಬಿಗೆ ಹೋಯಿತು, ಒಂದು ಶಾಲಿನೊಳಗೆ ಅಡಗಿತು, ಇನ್ನೊಂದಕ್ಕೆ ಮೊಬೈಲ್ ನೆನಪಾಯಿತು. ಕ್ಯಾಲೆಂಡರಿನಲ್ಲಿ ಶುದ್ಧ ಅಚ್ಚು ತೂಗುಹಾಕಿಕೊಂಡಿದ್ದ ಮಹನೀಯರಲ್ಲಿ ಒಬ್ಬರಿಗೂ ತಮ್ಮ ಅಜ್ಜಿ, ಅವ್ವಂದಿರ ಮೇಲೆ ಅಷ್ಟು ಭರವಸೆ ಇರಲಿಲ್ಲ ಎಂದಾಯಿತು. ಹಂಪಿಹೊಳಿಯವರು ಕೈಕಟ್ಟಿ ಕೂತರು.

ಖಾಸಿಂಬಿ ಎದ್ದು ನಿಂತಳು. ಸೆರಗಿನೊಳಗಿಂದ ಕೈ ಹೊರತೆಗೆದು ಮುಂದೆ ಚಾಚಿದಳು. “ನಂದು ತಗೋರಿ. ಸಾಬಾಣ ನೀವ ಕೊಡ್ರಿ, ನೀರ ನೀವ ಹಾಕ್ರಿ. ತೊಳಿಯೂದೂ ನೀವ ತೊಳೀರಿ. ಆಮ್ಯಾಲ ಹೇಳ್ರಿ, ನನ್ನ ಕೈ ಎಂಥಾದ್ದಂತ.”

ಯಾರೂ ಏಳಲಿಲ್ಲ. ನಂತರ ಗಲಗಲಿ ಮೇಡಂ ಎದ್ದರು. ಖಾಸಿಂಬಿಯ ಕೈ ಹಿಡಿದು ಮೂಲೆಯ ತೊಟ್ಟಿಗೆ ಕರೆದೊಯ್ದು, ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ತೊಳೆದುಕೊಳ್ಳುವ ಹಾಗೆ ಬೆರಳು ಬೆರಳನ್ನೂ ತಾವೇ ತೊಳೆದರು. ತಾವೇ ಒರೆಸಿದರು, ತಾವೇ ಚುಚ್ಚಿದರು. ಮೊದಲು ಜರಡಿ ಇಟ್ಟೇ ಓದಿಸಿದರು. ‘ಬೆರಕೆ ಮಾದರಿ. ತಿರಸ್ಕರಿಸಲಾಗಿದೆ.’ ಜರಡಿ ಮುಚ್ಚಿ ಮತ್ತೊಮ್ಮೆ ಓದಿಸಿದರು. ಮೂರು ಅಚ್ಚುಗಳು ಪರದೆಯ ಮೇಲೆ ಸ್ವಚ್ಛವಾಗಿ ಮೂಡಿ ನಿಂತವು. ತಾವೇ ತೊಳೆದ ಕೈಯಲ್ಲಿ ಕೊಳೆ ಇತ್ತೆಂದು ಗಲಗಲಿ ಹೇಳುವಂತಿರಲಿಲ್ಲ.

ಖಾಸಿಂಬಿ ತನ್ನ ಕೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಗಂಜಿ ಅಲ್ಲಂದ್ರ,” ಎಂದಳು ಮೆಲ್ಲಗೆ, “ನಾನೂ ಅಲ್ಲ.” ಆಮೇಲೆ ಅಲ್ಲೇ ಕೂತು ಅತ್ತಳು. ಗೌರವ್ವ ಅವಳನ್ನು ತೋಳಿಗೆ ಒರಗಿಸಿಕೊಂಡಳು.

ಇಷ್ಟಾದ ಮೇಲೂ ಹಂಪಿಹೊಳಿ ಮಣಿಯಲಿಲ್ಲ. ಸತ್ಯ ಕಂಡೊಡನೆ ಅಧ್ಯಕ್ಷರು ಕರಗಿಬಿಡುವುದು ಕಟ್ಟುಕಥೆಗಳಲ್ಲಿ. ಒಂದು ಬೆರಳಿನಿಂದ ಯೋಜನೆ ಬದಲಾಗುವುದಿಲ್ಲ ಎಂದರು. ನಾಲ್ಕನೆಯ ಅಧ್ಯಾಯ ಕೈಬಿಟ್ಟರೆ ಪದವಿಗೆ ಈಗಲೇ ಶಿಫಾರಸು, ಇಲ್ಲವಾದರೆ ಪ್ರಬಂಧ ವಾಪಸ್ಸು, ತಿದ್ದಿ ತರಬೇಕು ಎಂದು ತೀರ್ಪು ಕೊಟ್ಟರು. ಹುಲ್ಲೂರ ಸರ್ ಕಣ್ಣಲ್ಲೇ ಒಪ್ಪಿಕೋ ಎಂದು ಬೇಡಿದರು.

“ವಾಪಸ್ ಕೊಡ್ರಿ,” ಎಂದಳು ಬನಶಂಕರಿ. “ಈ ಅಧ್ಯಾಯ ಬಿಟ್ಟು ಡಾಕ್ಟರ್ ಅನ್ನಿಸಿಕೊಂಡ್ರ, ನಮ್ಮ ಓಣ್ಯಾಗ ಯಾವ ಬಾಯಿಲೆ ಮಾತಾಡ್ಲಿ? ಒಂದ ಅಕ್ಷರನೂ ತೆಗಿಯಂಗಿಲ್ಲ. ಇದನ್ನ ಹಿಂಗ ಮತ್ತ ತರ್ತೀನಿ. ನೀವು ಸಾಕಾಗೂ ತನಕ ತರ್ತೀನಿ.”

ಮುಂದಿನ ಸಾಲು ಎದ್ದುಹೋಯಿತು. ಪಾಸಾಗದವಳು ಊಟ ಹಾಕುವ ರೂಢಿ ಎಲ್ಲೂ ಇರಲಿಲ್ಲ. ಆದರೆ ಗೌರವ್ವನಿಗೆ ಈ ಸೂಕ್ಷ್ಮ ತಿಳಿಯಲಿಲ್ಲವೋ, ತಿಳಿದೇ ಮಾಡಿದಳೋ, ಸಭಾಂಗಣದ ನೆಲದ ಮೇಲೆ ಚಾಪೆ ಹಾಸಿ ಗಂಟು ಬಿಚ್ಚಿಯೇಬಿಟ್ಟಳು. ಪ್ರಯೋಗಾಲಯದ ವಿದ್ಯಾರ್ಥಿಗಳು ಬಾಗಿಲಲ್ಲಿ ಇಣುಕಿ, ಎಣ್ಣಿಗಾಯಿಯ ವಾಸನೆಗೆ ಸೋತು ಒಳಗೆ ಬಂದು ಕೂತರು. ಹುಲ್ಲೂರ ಸರ್ ಕೂಡ ಕೂತರು, ಯಂತ್ರಕ್ಕೆ ಬೆನ್ನು ಮಾಡಿ.

ಗಲಗಲಿ ಮಾತ್ರ ಯಂತ್ರದ ಮುಂದೆಯೇ ನಿಂತಿದ್ದರು. ಊಟಕ್ಕೆ ಕರೆಯಲು ಬನಶಂಕರಿ ಹತ್ತಿರ ಹೋದಾಗ, ಟೆಂಪೊದಲ್ಲಿ ಬಂದಿದ್ದ ಚಂಪಾಳನ್ನು ಕರೆದುಕೊಂಡು ಬಾ ಎಂದರು. ಈಗಲೂ ತಿಕ್ಕಿಸಿಕೊಂಡು ಸಿಪ್ಪೆ ಎದ್ದ ಆ ಪುಟ್ಟ ಬೆರಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ನೋವಾಗದಂತೆ ಬೇರೆ ಬೆರಳಿನಿಂದ ಹನಿ ತೆಗೆದರು. ಜರಡಿ ಮುಚ್ಚಿ ಓದಿದ್ದು ಸಂಶೋಧನೆಗಷ್ಟೇ ನಡೆಯುತ್ತಿತ್ತು; ಲಸಿಕೆಗೆ ನಡೆಯುವಂತೆ ಅದನ್ನು ಪೂರ್ತಿ ತೆಗೆದುಹಾಕುವ ಗುಪ್ತಸಂಖ್ಯೆ ಇದ್ದುದು ಅವರೊಬ್ಬರ ಬಳಿ. ಅದನ್ನು ಒತ್ತಿದರು. ಚಂಪಾಳ ನಾಲ್ಕು ಅಚ್ಚುಗಳೂ ಮೂಡಿದವು. ನಾಲ್ಕಕ್ಕೂ ಹೊಂದಿಸಿ ಲಸಿಕೆ ತಯಾರಿಸುವಂತೆ, ಓಣಿಯ ಉಳಿದ ಮಕ್ಕಳ ಹನಿಗಳನ್ನೂ ಹೀಗೆಯೇ ಓದುವಂತೆ ತಮ್ಮ ಸಹಿಯಲ್ಲೇ ಆದೇಶ ಕಳಿಸಿದರು. ನಾಲ್ಕನೆಯ ಅಧ್ಯಾಯದ ಕೆಳಗೆ ತಾವು ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

“ನಾಳೆ ನನ್ನ ಕರದು ಕೇಳತಾರ,” ಎಂದರು. “ಕೇಳ್ಲಿ. ಹೊಂದಸೂದನ್ನ ಕಲೀಲಾರದ ಒಗಿಯೂದನ್ನ ಕಲ್ತೆ ನಾನು. ಅದನ್ನ ಹೇಳ್ತೀನಿ.”

ಆಮೇಲೆ, ಯಾರೂ ಹೇಳದಿದ್ದರೂ, ತಮ್ಮ ಬೆರಳನ್ನೂ ಚುಚ್ಚಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಮಾಡಿದ್ದನ್ನು ಸಂಸ್ಥೆಯಲ್ಲಿ ಯಾರೂ ನೋಡಿರಲಿಲ್ಲ. ಕೈಯಲ್ಲಿ ರೊಟ್ಟಿ ಹಿಡಿದೇ ಹೆಂಗಸರೆಲ್ಲ ಎದ್ದುಬಂದು ಯಂತ್ರದ ಸುತ್ತ ನಿಂತರು. ಪರದೆ ಬೆಳಗಿತು. ಒಂದು ಅಚ್ಚು ಮೂಡಿತು, ಗಲಗಲಿಯವರ ತಾಯಿಯದು. ಎಲ್ಲರೂ ಕಾದರು. ಮತ್ತೇನೂ ಮೂಡಲಿಲ್ಲ. ಶುದ್ಧವೆಂದರೆ ಶುದ್ಧ, ಕ್ಯಾಲೆಂಡರಿಗೆ ಹಾಕಬಹುದಾದಂಥ ಒಂದೇ ಒಂದು ಅಚ್ಚು.

ಗಲಗಲಿ ಅದನ್ನೇ ನೋಡುತ್ತ ನಿಂತರು. ಖಾಸಿಂಬಿ ಕಣ್ಣೊರೆಸಿಕೊಂಡು ಪರದೆಯನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅವರ ಮೊಣಕೈ ಹಿಡಿದು ಚಾಪೆಯ ಕಡೆಗೆ ನಡೆಸುತ್ತ, ಗೌರವ್ವನಿಗೆ ಹೇಳಿದಳು:

“ಪಾಪ, ಒಬ್ಬಾಕಿದಷ್ಟ ಕುಡದಾರ ನೋಡವಾ. ಇವರಿಗೆ ಇನ್ನೊಂದು ರೊಟ್ಟಿ ನೀಡು.”